ದಫ್ತರದ ಭಾಷೆ, ಮನೆಯ ಭಾಷೆ: ಚಿಕ್ಕೋಡಿ–ಅಥಣಿ ಸೀಮೆಯ ಅಡ್ಡಹೆಸರುಗಳ ಚಾರಿತ್ರಿಕ ವಿವೇಚನೆ

1. ಪ್ರಸ್ತಾವನೆ

ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನ ಐದು ತಾಲೂಕುಗಳಲ್ಲಿ, ಅಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡಗಳಲ್ಲಿ, ಒಬ್ಬರ ಅಡ್ಡಹೆಸರು ಕಿವಿಗೆ ಬಿದ್ದೊಡನೆ ಕೇಳುಗರು ಎರಡು ತೀರ್ಮಾನಗಳಿಗೆ ಬರುವುದುಂಟು. ಒಂದು ಅವರ ಮನೆಮಾತನ್ನು ಕುರಿತದ್ದು, ಇನ್ನೊಂದು ಅವರ ಜಾತಿಯನ್ನು ಕುರಿತದ್ದು. ಹೆಸರು 'ಕರ' ಎಂದು ಮುಗಿದರೆ ಮರಾಠಿಯವರು, 'ಮಠ' ಎಂದು ಮುಗಿದರೆ ಕನ್ನಡದವರು ಎಂಬ ಎಣಿಕೆ ನಿತ್ಯದ ಮಾತಿನಲ್ಲಿದೆ. ಗಡಿಯ ವಾಗ್ವಾದಗಳಲ್ಲಿಯೂ ಅದು ಆಗಾಗ ತಲೆದೋರುತ್ತದೆ. ಮತದಾರರ ಪಟ್ಟಿಯ ಅಡ್ಡಹೆಸರುಗಳಿಂದ ಜಾತಿ, ಧರ್ಮಗಳನ್ನು ಊಹಿಸುವ ಸಮಾಜವಿಜ್ಞಾನದ ಕೆಲವು ಅಧ್ಯಯನಗಳ ತಳಹದಿಯೂ ಇದೇ ಬಗೆಯ ಎಣಿಕೆ. ಈ ಎಣಿಕೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದನ್ನು ಈ ಸೀಮೆಯ ಚರಿತ್ರೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಡ್ಡಹೆಸರಿನ ಭಾಷಾಮೂಲವು ಮೊದಲಿಗೆ ಅದನ್ನು ಬರೆದಿಟ್ಟ ದಫ್ತರದ ಭಾಷೆಗೆ ಸಾಕ್ಷಿಯಾಗುತ್ತದೆ. ಅದನ್ನು ಹೊತ್ತವರ ಮನೆಮಾತಿಗೆ ಅದು ಪರೋಕ್ಷ ಸಾಕ್ಷಿ ಮಾತ್ರ ಎಂಬುದು ನಮ್ಮ ಪ್ರತಿಪಾದನೆ. ಜಾತಿಯ ವಿಷಯದಲ್ಲಿಯಾದರೋ ಒಂದೇ ನಿಯಮವನ್ನು ಹೇಳಲಾಗದು. ಹುದ್ದೆಯಿಂದ ಬಂದ ಹೆಸರು, ಕಸುಬಿನಿಂದ ಬಂದ ಹೆಸರು, ಊರಿನಿಂದ ಬಂದ ಹೆಸರು ಈ ಮೂರಕ್ಕೂ ಭಾಷೆ ಮತ್ತು ಜಾತಿಗಳೊಂದಿಗೆ ಇರುವ ಸಂಬಂಧ ಬೇರೆ ಬೇರೆ. ಮೂರನ್ನೂ ಒಂದೇ ರಾಶಿಯಲ್ಲಿ ಸುರಿದಾಗಲೇ ತಪ್ಪು ನಿರ್ಣಯಗಳು ಹುಟ್ಟುತ್ತವೆ.

'ಅಡ್ಡಹೆಸರು' ಎಂಬ ಪದವೇ ಇಲ್ಲಿ ಗಮನಾರ್ಹ. ಮರಾಠಿಯ 'ಆಡನಾವ' ಇದೇ ಅಚ್ಚಿನ ಸಮಾಸ: ಮೊದಲ ಘಟಕ ಅಡ್ಡವಾಗಿರುವುದನ್ನೂ ಎರಡನೆಯದು ನಾಮವನ್ನೂ ಸೂಚಿಸುತ್ತದೆ. ಕನ್ನಡದ 'ಅಡ್ಡ'ಕ್ಕೆ ಬರೊ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿಕೋಶದಲ್ಲಿ ಸೋದರ ಭಾಷೆಗಳ ಜ್ಞಾತಿಪದಗಳಿವೆ. ಆದರೆ ಕುಟುಂಬನಾಮವನ್ನು ವ್ಯಕ್ತಿಯ ಹೆಸರಿನ ಕೊನೆಗೆ ತಪ್ಪದೆ ಇರಿಸುವ ಪದ್ಧತಿ ಹಳೆಯ ಮೈಸೂರು ಸೀಮೆಯಲ್ಲಿ ಸಾರ್ವತ್ರಿಕವಾಗಲಿಲ್ಲ. ಅಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಆ ಕೆಲಸ ಮಾಡಿದವು. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ನೆಲೆನಿಂತದ್ದು ಮುಂಬಯಿ ಕರ್ನಾಟಕದಲ್ಲಿ. ಹಾಗಾಗಿ ಕನ್ನಡದ ಅಡ್ಡಹೆಸರಿನ ಚರಿತ್ರೆಯು ಬಹುಮಟ್ಟಿಗೆ ಕನ್ನಡ–ಮರಾಠಿ ಸಂಪರ್ಕದ ಚರಿತ್ರೆಯೂ ಹೌದು.

2. ದಫ್ತರದ ಭಾಷೆ

ರಟ್ಟರ ಮತ್ತು ಕೊಲ್ಲಾಪುರದ ಶಿಲಾಹಾರರ ಕಾಲದ ಕನ್ನಡ ಶಾಸನಗಳಲ್ಲಿ ಗಾವುಂಡ, ಸೆಟ್ಟಿ, ನಾಯಕ ಮುಂತಾದ ಪದಗಳು ವ್ಯಕ್ತಿನಾಮದ ಬೆನ್ನಿಗೇ ಬರುತ್ತವೆ. ಅವು ಸ್ಥಾನಸೂಚಕ ಪದಗಳು. ಇಂದಿನ ಅರ್ಥದ ಕುಟುಂಬನಾಮಗಳೆಂದು ಅವನ್ನು ಎಣಿಸಲಾಗದು. ಬಿಜಾಪುರದ ಆದಿಲಶಾಹಿಗಳ ಆಳ್ವಿಕೆಯಲ್ಲಿ ಊರಿನ ಹುದ್ದೆಗಳು ವತನಗಳಾಗಿ, ಅಂದರೆ ಭೂಮಿ ಮತ್ತು ಆಯದ ಹಕ್ಕುಳ್ಳ ವಂಶಪಾರಂಪರ್ಯದ ಸೊತ್ತುಗಳಾಗಿ, ಗಟ್ಟಿಗೊಂಡವು. ಒಂದನೆಯ ಇಬ್ರಾಹಿಂ ಆದಿಲಶಾಹ ಲೆಕ್ಕಪತ್ರಗಳನ್ನು ಪಾರ್ಸಿಯಿಂದ ದೇಶಭಾಷೆಗೆ ತಂದು ಬ್ರಾಹ್ಮಣ ಲೆಕ್ಕಿಗರ ಕೈಗೆ ಒಪ್ಪಿಸಿದನೆಂದು ಫರಿಶ್ತಾ ಬರೆದಿದ್ದಾನೆ. ಮುಂದೆ ಮರಾಠರ ಆಳ್ವಿಕೆಯಲ್ಲಿ ಮೋಡಿ ಲಿಪಿಯ ಮರಾಠಿಯು ಕಂದಾಯದ ಬರಹದ ಭಾಷೆಯಾಗಿ ನಿಂತಿತು. ಜನರ ಮಾತು ಕನ್ನಡವಾಗಿದ್ದ ಊರುಗಳಲ್ಲಿಯೂ ಕುಲಕರ್ಣಿಯ ಕಡತ ಮರಾಠಿಯಲ್ಲಿರುವುದು ವಾಡಿಕೆಯಾಯಿತು.

ಈ ಐದು ತಾಲೂಕುಗಳ ನೆಲ ಒಂದೇ ಆಡಳಿತದ ಕೆಳಗೆ ಇರಲಿಲ್ಲ. ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಕಾಗವಾಡ, ಶೇಡಬಾಳಗಳ ಸುತ್ತಲಿನ ಪ್ರದೇಶದಲ್ಲಿ ಪಟವರ್ಧನ ಮನೆತನಗಳ ಜಹಗೀರುಗಳಿದ್ದವು. ನಿಪ್ಪಾಣಿ ದೇಸಗತಿಯ ಠಾಣೆಯಾಗಿತ್ತು. 1818ರ ನಂತರ ಇಂಗ್ಲಿಷರು ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ಈ ಕನ್ನಡ ನಾಡನ್ನು 'ದಕ್ಷಿಣ ಮರಾಠಾ ದೇಶ'ವೆಂದೇ ಕರೆದರು. ಆಳುವವರ ದಫ್ತರದ ಭಾಷೆಯಿಂದ ಆಳಿಸಿಕೊಂಡವರ ನಾಡಿಗೆ ಹೆಸರು ಬಿದ್ದ ಪ್ರಸಂಗವಿದು. ಅಡ್ಡಹೆಸರುಗಳಿಗೂ ಹಾಗೆಯೇ ಆಯಿತೆಂಬುದನ್ನು ಮುಂದೆ ಕಾಣಲಿದ್ದೇವೆ.

ಹೆಸರುಗಳು ಸ್ಥಿರಗೊಂಡದ್ದು ಹತ್ತೊಂಬತ್ತನೆಯ ಶತಮಾನದ ನೋಂದಣಿಗಳಲ್ಲಿ. 1836ರಲ್ಲಿ ಬೆಳಗಾವಿ ಪ್ರತ್ಯೇಕ ಜಿಲ್ಲೆಯಾಯಿತು. 1852ರ ಕಾಯ್ದೆಯಡಿ ಇನಾಮು ಆಯೋಗವು ಹಕ್ಕುದಾರರಿಂದ ಸನದು, ವಂಶಾವಳಿಗಳನ್ನು ಕೇಳಿತು. 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಯು ವತನದಾರ ಕುಟುಂಬಗಳನ್ನು ದಾಖಲೆಯಲ್ಲಿ ಗುರುತಿಸಿತು. ಇಂಥ ಸನ್ನಿವೇಶದಲ್ಲಿ ಒಂದು ಮನೆತನಕ್ಕೆ ಒಂದೇ ಹೆಸರು, ಒಂದೇ ಕಾಗುಣಿತ ಇರಬೇಕಾದ ಅಗತ್ಯ ತಲೆದೋರಿತು. ಭೂಮಿಯ ಹಕ್ಕು ಆ ಹೆಸರಿಗೆ ತಗಲಿಕೊಂಡಿತ್ತು. ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರಂಥವರು ದುಡಿಯತೊಡಗುವ ಹೊತ್ತಿಗೆ ಅನೇಕ ಮನೆತನಗಳ ಹೆಸರು ಮರಾಠಿ ಕಡತದಲ್ಲಿ ಆಗಲೇ ಕುಳಿತಾಗಿತ್ತು.

3. ಹುದ್ದೆ: ಪದ ಒಂದು, ಜಾತಿ ಹಲವು

ಪಾಟೀಲ, ದೇಸಾಯಿ, ಕುಲಕರ್ಣಿ, ದೇಶಪಾಂಡೆ, ನಾಡಗೌಡ, ಇನಾಮದಾರ, ಚೌಗುಲೆ, ಸನದಿ, ಮಗದುಮ್ಮ. ಇವುಗಳ ಮೂಲಗಳು ಹರಡಿಕೊಂಡಿವೆ. 'ಪಾಟೀಲ'ವನ್ನು ಸಂಸ್ಕೃತ ತಾಮ್ರಶಾಸನಗಳ 'ಪಟ್ಟಕಿಲ'ಕ್ಕೆ ಒಯ್ಯುವುದು ವಾಡಿಕೆ, 'ನಾಡಗೌಡ' ಕನ್ನಡದ್ದು, 'ಇನಾಮದಾರ' ಅರಬ್ಬಿ ಪದಕ್ಕೆ ಪಾರ್ಸಿ ಪ್ರತ್ಯಯ ಸೇರಿದ್ದು, 'ಸನದಿ' ಅರಬ್ಬಿಯ 'ಸನದ್'ನಿಂದ ಬಂದು, ಸನದಿನ ಮೇಲೆ ಹೊಲ ಪಡೆದು ಊರಕಾವಲು ಮಾಡಿದ ಶೇತಸನದಿಗಳನ್ನು ನೆನಪಿಸುತ್ತದೆ, 'ಮಗದುಮ್ಮ' ಅರಬ್ಬಿಯ 'ಮಖ್ದೂಮ್'. ಈ ಕೊನೆಯದನ್ನು ಇಂದು ಹೊತ್ತವರಲ್ಲಿ ಜೈನರಿದ್ದಾರೆ, ಮರಾಠರಿದ್ದಾರೆ. ಅರಬ್ಬಿ ಮೂಲದಿಂದ ಅವರ ಧರ್ಮವನ್ನಾಗಲಿ ಮನೆಮಾತನ್ನಾಗಲಿ ಊಹಿಸಹೊರಟವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ.

ಈ ವರ್ಗದ ಲಕ್ಷಣವೆಂದರೆ ಪದವು ಭಾಷೆಯ ಗಡಿಯನ್ನೂ ಜಾತಿಯ ಗಡಿಯನ್ನೂ ಏಕಕಾಲಕ್ಕೆ ದಾಟುವುದು. ಪಾಟೀಲರು ಲಿಂಗಾಯತರಲ್ಲಿದ್ದಾರೆ, ಜೈನರಲ್ಲಿದ್ದಾರೆ, ಮರಾಠರಲ್ಲಿದ್ದಾರೆ; ಇನಾಮದಾರರು ಬ್ರಾಹ್ಮಣ, ಲಿಂಗಾಯತ, ಮುಸಲ್ಮಾನ ಮನೆತನಗಳಲ್ಲೆಲ್ಲ ಸಿಗುತ್ತಾರೆ. ಕುಲಕರ್ಣಿ ಮತ್ತು ದೇಶಪಾಂಡೆ ಬಹುಮಟ್ಟಿಗೆ ಬ್ರಾಹ್ಮಣರವು. ಅದಕ್ಕೆ ಕಾರಣ ಲೆಕ್ಕ ಬರೆಯುವ ವತನ ಯಾರ ಕೈಯಲ್ಲಿತ್ತು ಎಂಬುದೇ ಹೊರತು ಪದದೊಳಗಿನ ಯಾವ ಅರ್ಥವೂ ಅಲ್ಲ.

ಇಂಥ ಹೆಸರಿನವರ ಸಮುದಾಯವನ್ನು ಸ್ಥಳೀಯರು ಗುರುತಿಸುವುದು ಕರೆಯುವ ಹೆಸರಿನಿಂದ, ತಂದೆಯ ಹೆಸರಿನಿಂದ. ದುಧಗಂಗಾ–ವೇದಗಂಗಾ ನದಿಗಳ ತೀರದ ಭೋಜ ಗ್ರಾಮದ ಮನೆತನದಲ್ಲಿ 1872ರಲ್ಲಿ ಜನಿಸಿ, ಮುಂದೆ ದಿಗಂಬರ ಜೈನರ ಆಚಾರ್ಯ ಶಾಂತಿಸಾಗರರಾದವರ ಗೃಹಸ್ಥಾಶ್ರಮದ ಹೆಸರು ಸಾತಗೌಡ. ತಂದೆ ಭೀಮಗೌಡ ಪಾಟೀಲ. 'ಸಾತಗೌಡ ಭೀಮಗೌಡ ಪಾಟೀಲ' ಎಂಬ ಪೂರ್ಣರೂಪವನ್ನು ಬಿಡಿಸಿದರೆ ಊರ ಮುಖ್ಯಸ್ಥನೆಂಬ ಅರ್ಥ ಮೂರು ಸಲ ಬರುತ್ತದೆ: ಎರಡು ಸಲ ಶಾಸನಗಳ 'ಗಾವುಂಡ'ದಿಂದ ಇಳಿದ ಕನ್ನಡ ರೂಪದಲ್ಲಿ, ಒಂದು ಸಲ ದಫ್ತರದ ರೂಪದಲ್ಲಿ. ಕನ್ನಡದ ಪದವು ಮನೆಯೊಳಗೆ ಕರೆಯುವ ಹೆಸರಿಗೆ ಅಂಟಿಕೊಂಡಿತು. ದಫ್ತರದ ಪದವು ಅಡ್ಡಹೆಸರಿನ ಸ್ಥಾನವನ್ನು ಪಡೆಯಿತು. ಈ ಸೀಮೆಯ ಪೂರ್ಣನಾಮಗಳಲ್ಲಿ ಎರಡು ಭಾಷಾಪದರಗಳು ಹೀಗೆ ಸ್ಥಾನ ಹಂಚಿಕೊಂಡಿರುವುದನ್ನು ಮೇಲಿಂದ ಮೇಲೆ ಕಾಣುತ್ತೇವೆ. ಅಡ್ಡಹೆಸರನ್ನಷ್ಟೇ ಕತ್ತರಿಸಿ ತೆಗೆದು ಪಟ್ಟಿಮಾಡಿದಾಗ ಕನ್ನಡದ ಪದರವೇ ಕಳೆದುಹೋಗುತ್ತದೆ.

ಹುದ್ದೆ ಹೋದ ಮೇಲೂ ಹೆಸರು ಉಳಿಯಿತು. ಶಾಹೂ ಮಹಾರಾಜರು 1918ರಲ್ಲಿ ಕೊಲ್ಲಾಪುರ ಸಂಸ್ಥಾನದಲ್ಲಿ ಕುಲಕರ್ಣಿ ವತನವನ್ನು ರದ್ದುಮಾಡಿ ಸಂಬಳದ ತಲಾಟಿಗಳನ್ನು ನೇಮಿಸಿದರು. ರಾಯಬಾಗವೂ ಆ ಆಳ್ವಿಕೆಗೆ ಒಳಪಟ್ಟಿತ್ತು. ಉಳಿದಿದ್ದ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಮೈಸೂರು ಗ್ರಾಮಾಧಿಕಾರ ನಿರ್ಮೂಲನ ಕಾಯ್ದೆ ರದ್ದುಮಾಡಿತು. ಕಾನೂನು ಹುದ್ದೆಯನ್ನು ತೆಗೆದುಹಾಕಿದ ಬಳಿಕ 'ಪಾಟೀಲ', 'ಕುಲಕರ್ಣಿ'ಗಳು ಶುದ್ಧ ಕುಟುಂಬನಾಮಗಳಾದವು. ಆದರೆ ಊರೊಳಗಿನ ಮರ್ಯಾದೆಯ ನೆನಪನ್ನು ಅವು ಈಗಲೂ ಹೊತ್ತಿವೆ.

4. ಕಸುಬು: ಜಾತಿ ಒಂದು, ಪದ ಎರಡು

ಎರಡನೆಯ ವರ್ಗದಲ್ಲಿ ಸಂಬಂಧ ತಿರುವುಮುರುವಾಗುತ್ತದೆ. ಕನ್ನಡದ ಬಡಿಗೇರನಿಗೆ ಮರಾಠಿಯಲ್ಲಿ ಸುತಾರ, ಕಂಬಾರನಿಗೆ ಲೋಹಾರ, ಪತ್ತಾರನಿಗೆ ಸೋನಾರ, ಮಡಿವಾಳನಿಗೆ ಪರೀಟ, ಹಡಪದನಿಗೆ ನ್ಹಾವಿ. ಇಲ್ಲಿ ಕಸುಬು ಮತ್ತು ಅದಕ್ಕೆ ಕಟ್ಟಿದ ಜಾತಿಸ್ಥಾನ ಸ್ಥಿರ. ಪದ ಮಾತ್ರ ಭಾಷೆಗೆ ತಕ್ಕಂತೆ ಬದಲಾಗುತ್ತದೆ. ಆಯಗಾರರ ವ್ಯವಸ್ಥೆಯಲ್ಲಿ ಇವರಿಗೂ ಆಯದ ಪಾಲಿತ್ತು, ಅದೂ ಕಡತಕ್ಕೆ ಬರುತ್ತಿತ್ತು. ಹೆಸರು ಯಾವ ಭಾಷೆಯಲ್ಲಿ ಬಿತ್ತು ಎಂಬುದು ಬರೆಯುವವನ ಭಾಷೆಯನ್ನೂ ಅವಲಂಬಿಸಿತ್ತು, ಊರಿನ ಬಹುಜನರ ಮಾತನ್ನೂ ಅವಲಂಬಿಸಿತ್ತು.

'ಕುಂಬಾರ' ಮತ್ತು 'ಕುಂಭಾರ' ಎಂಬ ಜೋಡಿ ಇದಕ್ಕೆ ಸೂಕ್ಷ್ಮ ನಿದರ್ಶನ. ಎರಡೂ ಸಂಸ್ಕೃತದ 'ಕುಂಭಕಾರ'ದಿಂದ ಇಳಿದವು. ಕನ್ನಡದ ರೂಪ ಮಹಾಪ್ರಾಣವನ್ನು ಬಿಟ್ಟಿತು, ಮರಾಠಿಯದು ಉಳಿಸಿಕೊಂಡಿತು. ಕನ್ನಡ ಮಾತನಾಡುವ ಮನೆಯೊಂದರ ದಾಖಲೆಯಲ್ಲಿ ಮಹಾಪ್ರಾಣ ಕಂಡುಬಂದರೆ ಅದು ಆ ಮನೆಯ ಉಚ್ಚಾರಣೆಯ ಸಾಕ್ಷಿಯಾಗಬೇಕಿಲ್ಲ. ದಾಖಲೆ ಬರೆದವನ ವರ್ಣಮಾಲೆಯ ಅಭ್ಯಾಸವೂ ಇರಬಹುದು. ಒಂದೇ ಅಕ್ಷರದ ಮೇಲೆ ಮಾತೃಭಾಷೆಯ ತೀರ್ಮಾನವನ್ನು ನಿಲ್ಲಿಸುವುದು ಎಷ್ಟು ಅಪಾಯಕರವೆಂಬುದು ಇದರಿಂದ ವಿದಿತವಾಗುತ್ತದೆ.

ಈ ವರ್ಗದ ಹೆಸರುಗಳು ಜಾತಿಯನ್ನು ಮರೆಮಾಚುವುದಿಲ್ಲ. ಪಾಟೀಲ ಎಂದಾಗ ಕೇಳುಗ 'ಯಾವ ಪಾಟೀಲರು?' ಎಂದು ಮತ್ತೆ ಕೇಳಬೇಕಾಗುತ್ತದೆ. ಪರೀಟ ಎಂದಾಗ ಹಾಗೆ ಕೇಳುವ ಅಗತ್ಯ ಬೀಳುವುದಿಲ್ಲ. ಅಧಿಕಾರವಿದ್ದ ಮನೆತನಗಳ ಹೆಸರು ಜಾತಿಯ ವಿಷಯದಲ್ಲಿ ಅಸ್ಪಷ್ಟವಾಗಿಯೂ ಸೇವೆ ಸಲ್ಲಿಸಿದವರ ಹೆಸರು ಸ್ಪಷ್ಟವಾಗಿಯೂ ಇರುವುದು ವತನ ವ್ಯವಸ್ಥೆಯ ರಚನೆಯಿಂದಲೇ ಬಂದ ಫಲಿತ.

5. ಊರು: ಬೇರು ಒಂದು, ಪ್ರತ್ಯಯ ಮೂರು

ಭಾಷಾವಿಜ್ಞಾನಿಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಮೂರನೆಯ ವರ್ಗ. ಶೇಡಬಾಳ ಎಂಬ ಊರಿನಿಂದ ಶೇಡಬಾಳ, ಶೇಡಬಾಳಕರ, ಶೇಡಬಾಳೆ ಎಂಬ ಮೂರು ಬಗೆಯ ಅಡ್ಡಹೆಸರುಗಳು ಸಾಧ್ಯ. ಮೊದಲನೆಯದು ಊರಿನ ಹೆಸರನ್ನು ಪ್ರತ್ಯಯವಿಲ್ಲದೆ ಬಳಸುವ ಬಡಗಣ ಕನ್ನಡದ ಕ್ರಮ. ಅಥಣಿ, ಚಿಕ್ಕೋಡಿ, ಹುಕ್ಕೇರಿ ಎಂಬ ಅಡ್ಡಹೆಸರುಗಳು ಹೀಗೆ ಆದವು. ಎರಡನೆಯದು ಮರಾಠಿಯ 'ಕರ' ಪ್ರತ್ಯಯದ್ದು: ಅಥಣಿಕರ, ಚಿಕ್ಕೋಡಿಕರ, ನಿಪ್ಪಾಣಿಕರ. ಕನ್ನಡದಲ್ಲಿ ಇದರ ಸೋದರನಾದ 'ಗಾರ' ಇದೆಯಾದರೂ ಅದು ಹೂಗಾರ, ಬಳೆಗಾರ ಎಂಬಂತೆ ಕಸುಬಿನ ನಾಮಪದಗಳಿಗೆ ಸೇರುತ್ತದೆ, ಊರಿನ ಹೆಸರಿಗೆ ಸೇರದು. ಮೂರನೆಯದು 'ಎ' ಪ್ರತ್ಯಯದ್ದು. ಅಕ್ಕೋಳದಿಂದ ಅಕ್ಕೋಳೆ, ಉಗಾರದಿಂದ ಉಗಾರೆ, ಬೋರಗಾಂವದಿಂದ ಬೋರಗಾವೆ, ಐನಾಪುರದಿಂದ ಐನಾಪುರೆ. ಈ ಕೊನೆಯ ಬಗೆ ಇಲ್ಲಿಯ ಜೈನ ಮನೆತನಗಳಲ್ಲಿ ಎದ್ದು ಕಾಣುತ್ತದೆ. ಅವರಲ್ಲಿ ಕನ್ನಡವನ್ನೇ ಮನೆಮಾತಾಗಿ ಉಳ್ಳವರು ಬಹಳ.

'ಎ' ಪ್ರತ್ಯಯವು ಮರಾಠಿಯ ಪುಲ್ಲಿಂಗ ಬಹುವಚನದ, ಗೌರವಾರ್ಥದ ರೂಪ. ಮರಾಠಿಯಲ್ಲಿ ಅದು ಇನ್ನೂ ಜೀವಂತವಾಗಿದೆ: 'ಶಿಂದೆ' ಎಂಬುದು ವಿಭಕ್ತಿಯ ಮುಂದೆ 'ಶಿಂದ್ಯಾ' ಎಂದು ರೂಪ ಬದಲಿಸಿ 'ಶಿಂದ್ಯಾಂನೀ' ಎಂದಾಗುತ್ತದೆ. ಕನ್ನಡದ ಬಾಯಲ್ಲಿ ಅದೇ ಹೆಸರು ಯಾವ ಆಂತರಿಕ ಮಾರ್ಪಾಡಿಗೂ ಒಳಗಾಗದೆ ಯಕಾರಾಗಮ ಪಡೆದು 'ಶಿಂದೆಯವರು' ಎಂದಾಗುತ್ತದೆ. ಅಂದರೆ ಕನ್ನಡದ ವ್ಯಾಕರಣವು ಈ 'ಎ'ಯನ್ನು ಪ್ರತ್ಯಯವೆಂದು ಗುರುತಿಸುವುದಿಲ್ಲ. ಪ್ರಕೃತಿಯ ಅಂಗವೆಂದೇ ಗಣಿಸುತ್ತದೆ. ಮತ್ತೊಂದು ಧ್ವನ್ಯಾತ್ಮಕ ಸಾಕ್ಷಿಯೂ ಇದೆ. ಈ ಭಾಗದ ಕನ್ನಡದಲ್ಲಿ ಪದಾಂತ್ಯದ 'ಎ' ಸಾಮಾನ್ಯವಾಗಿ 'ಇ' ಆಗುತ್ತದೆ: ಮನೆ ಮನಿಯಾಗುತ್ತದೆ, ತಲೆ ತಲಿಯಾಗುತ್ತದೆ. ಕನ್ನಡದೊಳಗೇ ಹುಟ್ಟಿದ 'ಕಟ್ಟಿಮನಿ'ಯಂಥ ಅಡ್ಡಹೆಸರು ಈ ಮಾರ್ಪಾಡನ್ನು ಬರಹದಲ್ಲಿಯೂ ತೋರಿಸುತ್ತದೆ. ಅಕ್ಕೋಳೆ, ಉಗಾರೆಗಳ ಬರಹರೂಪದಲ್ಲಿ 'ಎ' ಹಾಗೆಯೇ ನಿಂತಿದೆ. ಮಾತಿನ ಮೂಲಕ ಬಂದಿದ್ದರೆ ಆಗಬಹುದಾಗಿದ್ದ ಬದಲಾವಣೆ ಆಗದಿರುವುದರಿಂದ, ಇವು ಕಡತದಲ್ಲಿ ಸ್ಥಿರಗೊಂಡು ಅಲ್ಲಿಂದ ಮನೆಗೆ ಬಂದ ರೂಪಗಳೆಂದು ಹೇಳಲು ಆಧಾರ ಸಿಗುತ್ತದೆ.

ಇದಕ್ಕೆದುರಾಗಿ 'ಅವರ' ಎಂದು ಮುಗಿಯುವ ಚನ್ನಣ್ಣವರ, ಭೀಮಣ್ಣವರ ಮುಂತಾದವುಗಳಲ್ಲಿ ಕನ್ನಡದ ಬಹುವಚನ ಷಷ್ಠಿಯೇ ಇದೆ. ಮೂಲಪುರುಷನ ಹೆಸರಿಗೆ ಅದು ಸೇರಿ 'ಇಂಥವರ ಮನೆಯವರು' ಎಂಬ ಅರ್ಥ ಕೊಡುತ್ತದೆ. ಮರಾಠಿ ಅಡ್ಡಹೆಸರುಗಳಲ್ಲಿ ಇದಕ್ಕೆ ನೇರ ಸಮಾನವಿಲ್ಲದ್ದರಿಂದ ಕಡತದ ಭಾಷಾಂತರಕ್ಕೆ ಇದು ಸಿಕ್ಕಲಿಲ್ಲ. ಕನ್ನಡ ನಾಮಕರಣದ ಗುರುತಾಗಿ ಇದು ಉಳಿದೆಲ್ಲಕ್ಕಿಂತ ಗಟ್ಟಿಯಾದದ್ದು. ಆದರೂ ಅದು ಸಾಕ್ಷಿ ಹೇಳುವುದು ಹೆಸರು ಬಿದ್ದ ಕ್ಷಣದ ಬಗೆಗೆ. ನಂತರದ ತಲೆಮಾರುಗಳು ಯಾವ ಭಾಷೆಗೆ ಸರಿದವೆಂಬುದನ್ನು ಅದೂ ಹೇಳಲಾರದು.

ಈ ವಿಶ್ಲೇಷಣೆಗೆ ಇಬ್ಬರ ಹೆಸರುಗಳು ದೃಷ್ಟಾಂತವಾಗಲಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನಿಪ್ಪಾಣಿಯನ್ನು ಆಳಿದ ಸಿದ್ದೋಜಿರಾವ ನಾಯಿಕ ನಿಂಬಾಳಕರರು ದಾಖಲೆಗಳಲ್ಲಿ ಅಪ್ಪಾ ದೇಸಾಯಿ ನಿಪ್ಪಾಣಿಕರ ಎಂದೂ ಕಾಣಿಸಿಕೊಳ್ಳುತ್ತಾರೆ. ಹಳೆಯ ಊರಿನಿಂದ ಬಂದ ಹೆಸರು, ಹುದ್ದೆಯಿಂದ ಬಂದ ಹೆಸರು, ಹೊಸ ಊರಿನಿಂದ ಬಂದ ಹೆಸರು ಒಬ್ಬ ವ್ಯಕ್ತಿಯಲ್ಲೇ ಕೂಡಿವೆ; ಸಂದರ್ಭಕ್ಕೆ ತಕ್ಕಂತೆ ಒಂದೊಂದು ಮುಂದೆ ಬರುತ್ತಿತ್ತು. ಇನ್ನೊಬ್ಬರು ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ 1906ರಲ್ಲಿ ಜನಿಸಿದ ಪ್ರಾಕೃತ ವಿದ್ವಾಂಸ ಆದಿನಾಥ ನೇಮಿನಾಥ ಉಪಾಧ್ಯೆ. 'ಉಪಾಧ್ಯಾಯ'ಕ್ಕೆ ಮರಾಠಿಯ ಗೌರವರೂಪ ಬಂದ ಅವರ ಅಡ್ಡಹೆಸರು ಜೈನ ಪುರೋಹಿತರ ಸ್ಥಾನವನ್ನು ಸೂಚಿಸುತ್ತದೆ. ಬಹುಕಾಲ ಅವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕಲಿಸಿದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರೂ ಅವರೇ. ಅಡ್ಡಹೆಸರಿನ ಕೊನೆಯ ಸ್ವರದಿಂದ ಭಾಷೆಯನ್ನು ಲೆಕ್ಕಹಾಕುವ ಕ್ರಮ ಅವರನ್ನು ಯಾವ ಪಟ್ಟಿಗೆ ಸೇರಿಸುತ್ತಿತ್ತು ಎಂಬುದನ್ನು ಓದುಗರೇ ಊಹಿಸಬಹುದು.

6. ಪಟ್ಟಿಗೆ ಸೇರಿದ ಹೆಸರು

ಊರಿನ ಹೆಸರು ಜಾತಿಯನ್ನು ಹೇಳದಿರುವ ಗುಣ ದಲಿತರಿಗೆ ಒಂದು ದಾರಿಯನ್ನೂ ತೆರೆಯಿತು. ಡಾ. ಅಂಬೇಡಕರರ ಮನೆತನದ ಹೆಸರು ಸಕಪಾಳ. ಪೂರ್ವಿಕರ ಊರು ರತ್ನಾಗಿರಿ ಜಿಲ್ಲೆಯದು. ಶಾಲೆಯ ದಾಖಲೆಯ ಹಾದಿಯಲ್ಲಿ ಮನೆತನದ ಹೆಸರು ಹಿಂದೆ ಸರಿದು 'ಕರ' ಪ್ರತ್ಯಯದ ಹೆಸರು ನಿಂತಿತು. 1925ರಲ್ಲಿ ನಿಪ್ಪಾಣಿಯಲ್ಲಿ ಸೇರಿದ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿಗೆ ಅವರು ಬಂದಾಗ, ಅವರ ಮಾತು ಕೇಳಿದ ಸಮುದಾಯಗಳ ಹೆಸರುಗಳಿಗೆ ಅಂಥ ಮರೆ ಇರಲಿಲ್ಲ. ಇಂದು ಈ ಸೀಮೆಯಲ್ಲಿ 'ಕಾಂಬಳೆ' ಎಂಬ ಅಡ್ಡಹೆಸರು ಕನ್ನಡ ಮಾತನಾಡುವ ದಲಿತರಲ್ಲಿಯೂ ಮರಾಠಿ ಮಾತನಾಡುವ ದಲಿತರಲ್ಲಿಯೂ ಇದೆ. ಪದದ ರೂಪದಲ್ಲಿ ಜಾತಿಸೂಚಕ ಅಂಶವೇನೂ ಇಲ್ಲದಿದ್ದರೂ ಬಳಕೆಯಿಂದ ಅದು ಜಾತಿಯ ಗುರುತಾಗಿದೆ. ಶಾಲೆಯ ರಿಜಿಸ್ಟರಿನಲ್ಲಿ ಜಾತಿಯ ಅಂಕಣಕ್ಕೆ ಹೋಗಬೇಕಾದ ಪದ ಅಡ್ಡಹೆಸರಿನ ಸ್ಥಾನಕ್ಕೆ ಬಂದು 'ಹರಿಜನ', 'ಮಾದರ' ಎಂದು ಉಳಿದ ಉದಾಹರಣೆಗಳೂ ಬಡಗಣ ಕರ್ನಾಟಕದಲ್ಲಿ ವಿಪುಲ. 'ಹರಿಜನ' ಎಂಬ ಪದ ಈ ಅರ್ಥದಲ್ಲಿ ಗಾಂಧೀಜಿಯವರ ಮೂಲಕ ವ್ಯಾಪಕ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಹಾಗಾಗಿ ಆ ಅಡ್ಡಹೆಸರು ಅದಕ್ಕಿಂತ ಹಿಂದಿನದಾಗಿರುವ ಸಂಭವ ಕಡಿಮೆ. ಪೀಳಿಗೆಗಳ ಹಿಂದಿನದೆಂದು ಭಾವಿಸಲಾಗುವ ಒಂದು ಹೆಸರು ವಾಸ್ತವವಾಗಿ ಇಪ್ಪತ್ತನೆಯ ಶತಮಾನದ ಶಾಲೆಯೊಂದರ ಬರಹವಾಗಿರಬಹುದೆಂಬುದು ಇದರಿಂದ ಸ್ಪಷ್ಟ.

ಇದು ಕೇವಲ ವಿದ್ವತ್ತಿನ ಪ್ರಶ್ನೆಯಾಗಿ ಉಳಿದಿಲ್ಲ. 'ತಳವಾರ' ಎಂಬುದು ಮೂಲತಃ ಊರಕಾವಲಿನ ಹುದ್ದೆ. ಅದು ಅಡ್ಡಹೆಸರೂ ಆಯಿತು, ಸಮುದಾಯದ ಹೆಸರೂ ಆಯಿತು. 2020ರ ತಿದ್ದುಪಡಿಯ ಮೂಲಕ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ 'ನಾಯಕ' ಸಮುದಾಯದ ಪರ್ಯಾಯ ಹೆಸರುಗಳಾಗಿ 'ಪರಿವಾರ' ಮತ್ತು 'ತಳವಾರ' ಸೇರಿದವು. ಆದರೆ ತಳವಾರಿಕೆಯನ್ನು ಎಲ್ಲ ಕಡೆ ಒಂದೇ ಸಮುದಾಯ ಮಾಡಿರಲಿಲ್ಲ. ಕಬ್ಬಲಿಗರಲ್ಲಿಯೂ ತಳವಾರ ಎಂಬ ಹೆಸರಿನವರಿದ್ದಾರೆ. ಪ್ರಮಾಣಪತ್ರ ಯಾರಿಗೆ ಸಲ್ಲಬೇಕೆಂಬ ವಿವಾದದ ಬೇರಿರುವುದು ಹುದ್ದೆಯ ಪದ, ಅಡ್ಡಹೆಸರು ಮತ್ತು ಜಾತಿನಾಮ ಇವು ಒಂದೇ ಧ್ವನಿರೂಪದಲ್ಲಿ ಅಡಗಿರುವಲ್ಲಿ. ನಾವು ಮೇಲೆ ಮಾಡಿದ ವರ್ಗೀಕರಣ ಒಂದು ಕುಟುಂಬದ ಮಕ್ಕಳ ಓದು ಮತ್ತು ಉದ್ಯೋಗಗಳನ್ನು ಇಲ್ಲಿ ನೇರವಾಗಿ ತಟ್ಟುತ್ತದೆ.

7. ಉಪಸಂಹಾರ

ಕಾಗವಾಡದ ನೆರೆಯಲ್ಲಿ, ಗಡಿಯಾಚೆ ಸಾಂಗಲಿ ಜಿಲ್ಲೆಯಲ್ಲಿ, ಕುಪವಾಡವಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಆ ಊರು ಭಾಷಾಸಂಪರ್ಕದ ಸಾಹಿತ್ಯದಲ್ಲಿ ಪ್ರಸಿದ್ಧವಾಯಿತು. ಕನ್ನಡ ಮಾತಾಡುವ ಜೈನರು, ಉರ್ದು ಮಾತಾಡುವ ಮುಸಲ್ಮಾನರು, ಮರಾಠಿ ಮಾತಾಡುವ ದಲಿತರು ತಲೆಮಾರುಗಳಿಂದ ಒಟ್ಟಿಗೆ ಬಾಳಿ, ಅವರ ಭಾಷೆಗಳ ವಾಕ್ಯರಚನೆ ಒಂದಕ್ಕೊಂದು ಬಹಳ ಹತ್ತಿರ ಬಂದಿದ್ದರೂ ಶಬ್ದಕೋಶ ಬೇರೆಯಾಗಿಯೇ ಉಳಿದಿತ್ತೆಂದು ಅವರು ತೋರಿಸಿದರು. ಮನೆಯ ಭಾಷೆ ಅಲ್ಲಿ ಸಮುದಾಯದ ಗುರುತಾಗಿತ್ತು. ನಾವು ಪರಿಶೀಲಿಸಿದ ಅಡ್ಡಹೆಸರುಗಳಲ್ಲಿ ಚಿತ್ರ ಬೇರೆ. ಪಾಟೀಲ, ಮಗದುಮ್ಮ, ಶೇಡಬಾಳ ಎಂಬ ಪದಗಳು ಸಮುದಾಯಗಳ ನಡುವೆ ಹಂಚಿಹೋಗಿವೆ. ವ್ಯತ್ಯಾಸ ಉಳಿದಿರುವುದು ಪ್ರತ್ಯಯಗಳಲ್ಲಿ ಮತ್ತು ಕರೆಯುವ ಹೆಸರುಗಳಲ್ಲಿ. ಮನೆಮಾತು ಬಾಯಿಂದ ಬಾಯಿಗೆ ದಾಟಿತು, ಅಡ್ಡಹೆಸರು ಕಡತದಿಂದ ಕಡತಕ್ಕೆ ದಾಟಿತು ಎಂಬುದೇ ಈ ಭೇದಕ್ಕೆ ಕಾರಣವೆಂದು ನಮಗೆ ತೋರುತ್ತದೆ.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ, ಚಂದಗಡ ತಾಲೂಕನ್ನು ಬಿಟ್ಟು, ಮೈಸೂರು ರಾಜ್ಯಕ್ಕೆ ಸೇರಿತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಊರೂರಿನ ಭಾಷಾ ಬಹುಮತ ಈ ವಾದಗಳ ತಿರುಳು. ಅಂಥ ಬಹುಮತವನ್ನು ಮಾತೃಭಾಷೆಯ ಗಣತಿಯಿಂದ ಅಳೆಯುವುದರಲ್ಲಿಯೇ ತೊಡಕುಗಳಿರುವಾಗ, ಅಡ್ಡಹೆಸರಿನಿಂದ ಅಳೆಯಹೊರಟರೆ ನಮಗೆ ಸಿಗುವುದು ಪೇಶವೆ ಕಾಲದ ದಫ್ತರದ ಭಾಷೆ ಮಾತ್ರ.

ಮುಂದಿನ ಸಂಶೋಧಕರಿಗೆ ಇದರಿಂದ ಮೂರು ಸೂಚನೆಗಳು ದೊರೆಯುತ್ತವೆ. ಅಡ್ಡಹೆಸರನ್ನು ಕರೆಯುವ ಹೆಸರು ಮತ್ತು ತಂದೆಯ ಹೆಸರಿನಿಂದ ಬೇರ್ಪಡಿಸದೆ ಪೂರ್ಣನಾಮವಾಗಿ ಸಂಗ್ರಹಿಸಬೇಕು. ಬೇರು ಮತ್ತು ಪ್ರತ್ಯಯಗಳನ್ನು ಪ್ರತ್ಯೇಕವಾಗಿ ವಿಶ್ಲೇಷಿಸಿ, ಹೆಸರು ಹುದ್ದೆಯದೋ ಕಸುಬಿನದೋ ಊರಿನದೋ ಎಂದು ನಿರ್ಧರಿಸಿದ ಮೇಲೆಯೇ ಎಣಿಕೆಗೆ ಇಳಿಯಬೇಕು. ಸಾಧ್ಯವಾದಲ್ಲೆಲ್ಲ ಆ ಹೆಸರು ಮೊದಲು ಕಾಣಿಸಿಕೊಳ್ಳುವ ದಾಖಲೆಯ ಭಾಷೆ, ಲಿಪಿ ಮತ್ತು ಕಾಲವನ್ನು ಗುರುತಿಸಬೇಕು. ಮೋಡಿ ಲಿಪಿಯನ್ನು ಓದಬಲ್ಲ ಕನ್ನಡ ವಿದ್ಯಾರ್ಥಿಗಳು ಈ ಕೆಲಸಕ್ಕೆ ಅತ್ಯಗತ್ಯ. ಚಿಕ್ಕೋಡಿ–ಅಥಣಿ ಸೀಮೆಯ ಕನ್ನಡದ ಚರಿತ್ರೆಯ ದೊಡ್ಡದೊಂದು ಭಾಗ ಆ ಲಿಪಿಯ ಮರಾಠಿ ಕಾಗದಗಳಲ್ಲಿ ಓದುಗರಿಗಾಗಿ ಕಾದಿದೆ.